ಕೋವಿಯ ಲೆಕ್ಕ, ಕೊಲೆಯ ಲೆಕ್ಕ

ಕಳೆದ ತಿಂಗಳು ಶಿಕಾರಿಪುರದಲ್ಲಿ ನಡೆದ ಒಂದು ಚರ್ಚಾಸ್ಪರ್ಧೆಗೆ ನಾನು ತೀರ್ಪುಗಾರರಲ್ಲೊಬ್ಬನಾಗಿ ಹೋಗಿದ್ದೆ. ‘ರೈತನ ಮನೆಗೆ ಕೋವಿ ಬೇಕೆ?’ ಎಂಬುದು ವಿಷಯ. ಶಿಕಾರಿಯ ಹೆಸರನ್ನೇ ಹೊತ್ತ ಊರಿಗೆ ಇದಕ್ಕಿಂತ ಒಪ್ಪುವ ವಿಷಯ ಬೇರೆ ಯಾವುದಿದ್ದೀತು! ಒಬ್ಬ ತರುಣ ಗುಡುಗಿದ: “ಅಮೆರಿಕದಲ್ಲಿ ನೂರು ಜನರಿಗೆ 120 ಕೋವಿ, ಅದಕ್ಕೇ ಅಲ್ಲಿ ಅಷ್ಟು ಕೊಲೆ.” ಇನ್ನೊಬ್ಬ ಎದ್ದು, “ಸ್ವಿಟ್ಜರ್ಲೆಂಡಿನಲ್ಲಿ ನೂರಕ್ಕೆ ಸುಮಾರು 28 ಕೋವಿ. ಕೊಲೆ ಲಕ್ಷಕ್ಕೆ ಒಂದೂ ಇಲ್ಲ. ಹೊಂಡುರಾಸಿನಲ್ಲಿ ನೂರಕ್ಕೆ 14. ಕೊಲೆ ಲಕ್ಷಕ್ಕೆ 40ಕ್ಕೂ ಮೇಲು. ಅಷ್ಟು ದೂರವೇಕೆ? ನಮ್ಮ ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಪೂಜೆಯೇ ನಡೆಯುತ್ತದೆ” ಎಂದ. ಚಪ್ಪಾಳೆ ಬಿತ್ತು. ಬಹುಮಾನವೂ ಅವನಿಗೇ ಹೋಯಿತು; ಕೊಟ್ಟವರಲ್ಲಿ ನಾನೂ ಒಬ್ಬ.

ಅವನು ಹೇಳಿದವು 2017ರ ಅಂಕಿಗಳು, ಸುಳ್ಳಲ್ಲ. ಸುಳ್ಳಾದದ್ದು ಅವುಗಳಿಂದ ತೆಗೆದ ತಾತ್ಪರ್ಯ. ಹೊಂಡುರಾಸಿನ ಕೊಲೆಗಳ ಹಿಂದೆ ಬಡತನವಿದೆ, ಪುಂಡರ ಗುಂಪುಗಳಿವೆ, ಮಾದಕವಸ್ತುವಿನ ವ್ಯಾಪಾರವಿದೆ. ಅದನ್ನು ಸ್ವಿಟ್ಜರ್ಲೆಂಡಿನೊಡನೆ ಹೋಲಿಸುವುದು ಎತ್ತಿಗೂ ಕೋಣಕ್ಕೂ ಒಂದೇ ನೊಗ ಹೂಡಿದಂತೆ. ಸಿರಿವಂತ ದೇಶಗಳನ್ನು ಸಿರಿವಂತ ದೇಶಗಳೊಡನೆಯೇ ಇಟ್ಟು ನೋಡಿ: ಕೋವಿಯಲ್ಲೂ ಕೊಲೆಯಲ್ಲೂ ಅಮೆರಿಕವೇ ಮುಂದು. ಇನ್ನು ಕೊಡಗಿನ ಕೋವಿಯ ಹಿಂದೆ ತಲೆಮಾರುಗಳ ರೂಢಿಯಿದೆ. ಪೂಜೆಯ ಹೆಸರು ಹೇಳಿದ ಮಾತ್ರಕ್ಕೆ ಆ ರೂಢಿ ನಮ್ಮಲ್ಲಿಗೆ ಬಂದೀತೆ?

ಆದರೆ ನನ್ನ ತಕರಾರು ಇದಕ್ಕಿಂತ ದೊಡ್ಡದು. ಕೊಲೆಯ ಲೆಕ್ಕವೊಂದನ್ನೇ ಏಕೆ ಓದಬೇಕು? 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮನ್ನು ತಾವೇ ಕೊಂದುಕೊಂಡವರು. ಆ ತರುಣ ಹೊಗಳಿದ ಸ್ವಿಟ್ಜರ್ಲೆಂಡಿನಲ್ಲಿ ಸೈನಿಕರು ಕೋವಿಯನ್ನು ಮನೆಗೆ ಒಯ್ಯುವ ಪದ್ಧತಿ ಉಂಟು. 2003ರ ಸುಧಾರಣೆಯಿಂದ ಅಲ್ಲಿನ ಸೈನ್ಯ ಅರ್ಧದಷ್ಟಾಯಿತು. ಮನೆಗಳಲ್ಲಿದ್ದ ಸೈನ್ಯದ ಕೋವಿಗಳೂ ಕಡಿಮೆಯಾದವು. ಸೈನ್ಯದ ವಯಸ್ಸಿನ ಗಂಡಸರ ಆತ್ಮಹತ್ಯೆಗಳೂ ಇಳಿದವು. ಕೋವಿ ಸಿಗದೆ ಬೇರೆ ದಾರಿ ಹಿಡಿದವರು ಕೆಲವರೇ.

ಸೊರಬದ ಕಡೆ ನನ್ನ ಸೋದರಮಾವನ ಮನೆಯಲ್ಲಿ ಪರವಾನಗಿಯ ಕೋವಿಯೊಂದಿತ್ತು. ಹಂದಿಗಳು ಗದ್ದೆಗೆ ಇಳಿಯುತ್ತಿದ್ದವು; ಕೋವಿ ಬೇಕೇ ಇತ್ತು. ಅದರಿಂದ ಯಾರ ಕೊಲೆಯೂ ಆಗಲಿಲ್ಲ. ಅಡಿಕೆಗೆ ಕೊಳೆ ಬಂದು ಸಾಲ ಏರಿದ ವರ್ಷ, ಒಂದು ರಾತ್ರಿ, ಮಾವ ಅದನ್ನು ಕೈಗೆ ತೆಗೆದುಕೊಂಡರು. ಬೆಳಗಿನವರೆಗೆ ಅದು ಕೈಗೆ ಸಿಗದೆ ಹೋಗಿದ್ದರೆ ಅತ್ತೆ ಎರಡು ಮಾತು ಹೇಳಿ ಸಮಾಧಾನ ಮಾಡುತ್ತಿದ್ದರು. ಕೊಲೆಯ ಲೆಕ್ಕದಲ್ಲಿ ನಮ್ಮ ಮಾವ ಇಲ್ಲ.

ಕೋವಿಯೇ ಬೇಡವೆಂದು ನಾನು ಹೇಳುವುದಿಲ್ಲ. ಗದ್ದೆ ಕಾಯದವನು ಹಾಗೆ ಹೇಳಿಯಾನು. ಚುನಾವಣೆ ಬಂದಾಗ ಊರ ಕೋವಿಗಳನ್ನು ಠಾಣೆಗೆ ತರಿಸಿಕೊಳ್ಳುವುದುಂಟು. ಮತ ಎಣಿಕೆ ಮುಗಿದ ಮೇಲೆ ಅವು ಮನೆಯ ಯಾವ ಗೋಡೆಯ ಮೇಲೆ ತೂಗುತ್ತಿವೆಯೆಂದು ಕೇಳಿದವರನ್ನು ನಾನು ಕಂಡಿಲ್ಲ. ಸ್ವಿಸ್ಸರಾದರೋ 2007ರಲ್ಲಿ ಸೈನಿಕರ ಮನೆಯ ತೋಟಾಗಳನ್ನು ಉಗ್ರಾಣಕ್ಕೆ ಹಿಂತಿರುಗಿಸಲು ನಿರ್ಧರಿಸಿದರು. ನಮ್ಮಲ್ಲಿ ಅಷ್ಟೂ ಬೇಡ. ಕೋವಿ ಬೀಗದೊಳಗಿರಲಿ, ತೋಟಾ ಬೇರೆ ಪೆಟ್ಟಿಗೆಯಲ್ಲಿರಲಿ, ಆ ಪೆಟ್ಟಿಗೆಯ ಬೀಗದ ಕೈ ಮನೆಯಾಕೆಯ ಸೆರಗಿನಲ್ಲಿರಲಿ.

ಅಂದು ವೇದಿಕೆಯ ಮೇಲೆ ಈ ಮಾತು ನನ್ನ ಬಾಯಿಗೆ ಬರಲಿಲ್ಲ. ಬಹುಮಾನ ಪಡೆದ ಆ ತರುಣನೂ ಇದನ್ನು ಓದಲಿ ಎಂದು ಬರೆದಿದ್ದೇನೆ.