ಕಟ್ಟಿಹಾಕಿದ್ದು ಗಂಡಿಲಿಯನ್ನು, ಬುದ್ಧಿ ಹೇಳುವುದು ಸೊಸೆಗೆ

“ಅಷ್ಟೊಂದು ಟೆನ್ಷನ್ ಮಾಡ್ಕೊಂಡ್ರೆ ಹೊಟ್ಟೇಲಿ ಹೇಗಮ್ಮಾ ನಿಲ್ಲುತ್ತೆ? ಆ ಪಿಎಚ್‌ಡಿ ಒಂದೆರಡು ವರ್ಷ ಪಕ್ಕಕ್ಕಿಡು.”

ಕಳೆದ ತಿಂಗಳು ನೆಂಟರ ಮನೆಯ ನಾಮಕರಣದಲ್ಲಿ ಚಿಕ್ಕತ್ತೆ ನನಗೆ ಹೇಳಿದ ಮಾತಿದು. ಮದುವೆಯಾಗಿ ನಾಲ್ಕು ವರ್ಷವಾಯಿತು, ಇಂಥ ಮಾತು ನನಗೆ ಹೊಸದಲ್ಲ. ಈ ಸಲದ ಹೊಸತೆಂದರೆ ಅವರು ಮೊಬೈಲ್ ತೆಗೆದು ತೋರಿಸಿದ ವಾಟ್ಸ್‌ಆ್ಯಪ್ ಸಂದೇಶ. ಒತ್ತಡದಿಂದ ಬಂಜೆತನ ಬರುತ್ತದೆಂದು ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಕಂಡುಹಿಡಿದಿದ್ದಾರಂತೆ. “ನಾನು ಹೇಳ್ತಿಲ್ಲಮ್ಮ, ಸೈನ್ಸೇ ಹೇಳ್ತಿದೆ.”

ನಾನು ಪ್ರಾಣಿಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಸೈನ್ಸ್ ಏನು ಹೇಳುತ್ತದೆಂದು ಮೂಲ ಪ್ರಬಂಧಗಳನ್ನೇ ತೆಗೆದು ಓದಿದೆ.

ಮಿದುಳಿನಿಂದ ಹೊರಟು ಸಂತಾನದ ಹಾರ್ಮೋನುಗಳನ್ನು ಚುರುಕುಗೊಳಿಸುವ ಸಂಕೇತ ಯಾವುದೆಂದು ಮೊದಲೇ ಗೊತ್ತಿತ್ತು. ಅದಕ್ಕೆ ತಡೆ ಹಾಕುವ ಜಿಎನ್‌ಐಎಚ್ ಎಂಬ ಹಾರ್ಮೋನನ್ನು 2000ರಲ್ಲಿ ಜಪಾನಿನ ಕಜುಯೋಶಿ ತ್ಸುತ್ಸುಯಿ ಮತ್ತು ಸಂಗಡಿಗರು ಕ್ವೇಲ್ ಹಕ್ಕಿಯ ಮಿದುಳಿನಲ್ಲಿ ಕಂಡರು. 2009ರಲ್ಲಿ ಬರ್ಕ್ಲಿಯ ಎಲಿಜಬೆತ್ ಕಿರ್ಬಿ, ಜಾರ್ಜ್ ಬೆಂಟ್ಲಿ, ಡೇನಿಯೆಲಾ ಕೌಫರ್ ಮೊದಲಾದವರು ಇಲಿಗಳನ್ನು ಅಲುಗಾಡದಂತೆ ಬಂಧಿಸಿಟ್ಟು ನೋಡಿದರು. ಇಲಿಗಳ ಮಿದುಳಿನಲ್ಲಿ ಇದೇ ಬಗೆಯ ತಡೆ ಹಾರ್ಮೋನು ಹೆಚ್ಚಿತು, ಪಿಟ್ಯುಟರಿ ಗ್ರಂಥಿಯಿಂದ ಬರುವ ಎಲ್‌ಎಚ್ ಇಳಿಯಿತು. ಅಡ್ರಿನಲ್ ಗ್ರಂಥಿ ತೆಗೆದ ಇಲಿಗಳಲ್ಲಿ ಆ ಏರಿಕೆ ಕಾಣಲಿಲ್ಲ. ಅಂದರೆ ಒತ್ತಡದ ಸುದ್ದಿ ಮಿದುಳಿಗೆ ಮುಟ್ಟುವುದು ಅಡ್ರಿನಲ್ ದಾರಿಯಲ್ಲಿ.

ಅಚ್ಚುಕಟ್ಟಾದ ಸಂಶೋಧನೆ, ಅದರ ಮೇಲೆ ನನಗೆ ತಕರಾರಿಲ್ಲ. ಆದರೆ ಆ ಇಲಿಗಳೆಲ್ಲ ಗಂಡಿಲಿಗಳು! ಪ್ರಬಂಧದ ಶೀರ್ಷಿಕೆಯಲ್ಲೇ ಹಾಗಂತ ಇದೆ. ಪೆಸಿಫಿಕ್ ಸಾಗರ ದಾಟಿ ನಮ್ಮ ನಾಮಕರಣದ ಪಂಕ್ತಿಗೆ ಬರುವಷ್ಟರಲ್ಲಿ ಗಂಡಿಲಿ ಸೊಸೆಯಾಗಿಬಿಟ್ಟಿತ್ತು.

ನನ್ನ ಗಂಡ ಬ್ಯಾಂಕಿನವನು. ಟಾರ್ಗೆಟ್ ಮುಗಿಸಿ ರಾತ್ರಿ ಹತ್ತಕ್ಕೆ ಮನೆಗೆ ಬರುತ್ತಾನೆ. ಕೆಲಸ ಬಿಡು ಎಂದು ಅವನಿಗೆ ಯಾರೂ ಹೇಳಲಿಲ್ಲ. ಪಾಪ, ದಣಿದಿದ್ದಾನೆಂದು ಇನ್ನೊಂದು ಹೋಳಿಗೆ ಬಡಿಸಿದರು. ಅವನೂ ಸುಮ್ಮನೆ ತಿಂದ. ನನಗೆ ಮೂರು ಸ್ಕ್ಯಾನ್ ಆದ ಮೇಲೆ ಅವನ ವೀರ್ಯಪರೀಕ್ಷೆಯ ಮಾತು ಬಂತು, ಅದೂ ನಾನು ಕೇಳಿದ್ದಕ್ಕೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ನಮ್ಮ ದಿನದ ಮಾತಿನಲ್ಲಿ ಮಾತ್ರ ‘ಬಂಜೆ’ಗೆ ಪುಲ್ಲಿಂಗವೇ ಇಲ್ಲ.

ಹೆಣ್ಣಿಲಿಗಳ ಮೇಲೂ ಪ್ರಯೋಗವಾಯಿತು, ನಿಜ. 2015ರಲ್ಲಿ ಅದೇ ಬರ್ಕ್ಲಿಯ ತಂಡ ಅವುಗಳನ್ನು ದಿನಗಟ್ಟಲೆ ಒತ್ತಡಕ್ಕೆ ಗುರಿಮಾಡಿತು. ಒತ್ತಡ ನಿಲ್ಲಿಸಿದ ಮೇಲೂ ಗರ್ಭ ಕಟ್ಟುವುದು ಕಡಿಮೆಯಾಯಿತು. ತಡೆ ಹಾರ್ಮೋನಿನ ಜೀನನ್ನು ಸುಮ್ಮನಾಗಿಸಿದಾಗ ತೊಂದರೆ ನೀಗಿತು. ಗಮನಿಸಿ, ‘ಟೆನ್ಷನ್ ಮಾಡ್ಕೋಬೇಡ’ ಎಂದು ಆ ಇಲಿಗಳಿಗೆ ಯಾರೂ ಬುದ್ಧಿ ಹೇಳಲಿಲ್ಲ. ಒತ್ತಡ ಇಲಿಯ ಸ್ವಭಾವದ ದೋಷವಾಗಿರಲಿಲ್ಲ. ಅದನ್ನು ಕಟ್ಟಿಹಾಕಿದ ಕೈ ಬೇರೆಯವರದಾಗಿತ್ತು.

ವಿಪರೀತ ಒತ್ತಡಕ್ಕೆ, ಊಟ ಬಿಟ್ಟದ್ದಕ್ಕೆ ಮುಟ್ಟು ನಿಲ್ಲುವುದುಂಟು. ಅದಕ್ಕೆ ಚಿಕಿತ್ಸೆಯಿದೆ, ವೈದ್ಯರಿದ್ದಾರೆ. ಅದನ್ನೇ ಹಿಡಿದು ಎಲ್ಲ ಹೆಂಗಸರ ತಲೆಗೆ ಕಟ್ಟುವುದು ಸಲ್ಲ. ಬಂಜೆತನಕ್ಕೆ ಐವಿಎಫ್‌ನಂಥ ಚಿಕಿತ್ಸೆ ಪಡೆದ 3,583 ಮಹಿಳೆಯರ ಕುರಿತ 14 ಅಧ್ಯಯನಗಳನ್ನು ಜಾಕಿ ಬೋವಿನ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಚಿಕಿತ್ಸೆಗೆ ಮುಂಚಿನ ಮನಸ್ಸಿನ ಸಂಕಟಕ್ಕೂ ಗರ್ಭ ನಿಲ್ಲದಿರುವುದಕ್ಕೂ ನಂಟು ಕಾಣಲಿಲ್ಲ. ಈ ಸುದ್ದಿ ಯಾವ ಫ್ಯಾಮಿಲಿ ಗ್ರೂಪಿಗೂ ಫಾರ್ವರ್ಡ್ ಆಗುವುದಿಲ್ಲ. ಯಾಕೆಂದರೆ ಇದನ್ನು ತೋರಿಸಿ ಯಾರ ಓದನ್ನೂ ಬಿಡಿಸಲಾಗದು.

ಸಂಶೋಧನೆಯಲ್ಲಿ ಒತ್ತಡವಿಲ್ಲ ಎನ್ನುತ್ತಿಲ್ಲ. ಫೆಲೋಶಿಪ್ ತಿಂಗಳುಗಟ್ಟಲೆ ಬರುವುದಿಲ್ಲ, ಬರೆದ ಅಧ್ಯಾಯ ಕೆಂಪು ಗೀಟು ಹೊತ್ತು ಹಿಂತಿರುಗುತ್ತದೆ. ಆದರೂ ಅದು ನಾನೇ ಒಪ್ಪಿ ಹೊತ್ತ ಭಾರ. ಪ್ರತಿ ಹಬ್ಬದಲ್ಲೂ ಹೊಟ್ಟೆಯ ಮೇಲೆ ಬೀಳುವ ಕಣ್ಣುಗಳನ್ನು ನಾನು ಕೇಳಿ ಪಡೆದದ್ದಲ್ಲ. ನನ್ನ ಹಾರ್ಮೋನುಗಳ ಬಗ್ಗೆ ನಿಜಕ್ಕೂ ಕಾಳಜಿಯಿದ್ದವರು ಆ ಕಣ್ಣನ್ನು ಬೇರೆಡೆ ತಿರುಗಿಸಲಿ. ಸೈನ್ಸ್ ಮೇಲೆ ನಂಬಿಕೆಯಿದ್ದವರು ಮನೆಯ ಗಂಡುಮಕ್ಕಳನ್ನೂ ಮೊದಲ ದಿನವೇ ಪರೀಕ್ಷೆಗೆ ಕಳಿಸಲಿ.

2009ರ ಆ ಶೀರ್ಷಿಕೆಯನ್ನು ಕನ್ನಡಕ್ಕೆ ಮಾಡಿ ಚಿಕ್ಕತ್ತೆಗೆ ಕಳಿಸಿದ್ದೇನೆ. ಗಂಡನಿಗೂ. ಮುಂದಿನ ವಾರ ಗೈಡ್‌ಗೆ ನಾಲ್ಕನೇ ಅಧ್ಯಾಯ ಒಪ್ಪಿಸಬೇಕು, ಒಪ್ಪಿಸುತ್ತೇನೆ.