ಬೇರೆ ಬೇರೆ ಯೂನಿಫಾರ್ಮು



ಮಕ್ಕಳನ್ನು ಯಾವ ಸ್ಕೂಲಿಗೆ ಸೇರಿಸೋದು ಅಂತ ನಾವೆಲ್ಲ ಫೀಜು, ದೂರ, ಬಸ್ಸು ನೋಡಿ ತೀರ್ಮಾನ ಮಾಡ್ತೀವಿ. ಉತ್ತರ ಐರ್ಲೆಂಡಿನಲ್ಲಿ ಅಷ್ಟು ಸುಲಭವಿರಲಿಲ್ಲ. ಕ್ಯಾಥೊಲಿಕರ ಮಕ್ಕಳಿಗೆ ಒಂದು ಶಾಲೆ, ಪ್ರಾಟೆಸ್ಟೆಂಟರ ಮಕ್ಕಳಿಗೆ ಇನ್ನೊಂದು. ಇಬ್ಬರೂ ಕ್ರೈಸ್ತರೇ, ಮನೆಯಲ್ಲಿ ಆಡುವ ಮಾತೂ ಹೆಚ್ಚಾಗಿ ಇಂಗ್ಲಿಷೇ. ಆದರೂ ಆಟ ಬೇರೆ, ಕಲಿಯುವ ಚರಿತ್ರೆಯೂ ಬೇರೆ. ಹೊಸಬರನ್ನು "ನೀವು ಓದಿದ್ದು ಯಾವ ಸ್ಕೂಲು?" ಅಂತ ಕೇಳಿದರೆ ಸಾಕು, ಯಾವ ಕಡೆಯವರು ಅನ್ನೋದು ಗೊತ್ತಾಗಿಬಿಡುತ್ತಿತ್ತು.

1960ರ ದಶಕದ ಕೊನೆಯಿಂದ ಸುಮಾರು 30 ವರ್ಷ ಅಲ್ಲಿ ಬಾಂಬು, ಗುಂಡು. ಸತ್ತವರು ಸುಮಾರು 3,500 ಜನ. ಈ ಗಲಾಟೆಯ ನಡುವೆಯೇ ಬೆಲ್‌ಫಾಸ್ಟಿನ ಕೆಲವು ತಂದೆತಾಯಿಗಳು ಸೇರಿ ಒಂದು ಶಾಲೆ ತೆರೆದರು, ಲಾಗನ್ ಕಾಲೇಜು ಅಂತ. ಹೆಸರಿಗೆ ಕಾಲೇಜು, ನಿಜಕ್ಕೂ ಹೈಸ್ಕೂಲು. ಅದು 1981ರ ಸೆಪ್ಟೆಂಬರು. ಅದೇ ವರ್ಷ ಜೈಲಿನಲ್ಲಿ 10 ಮಂದಿ ಕೈದಿಗಳು ಉಪವಾಸ ಕೂತು ಪ್ರಾಣ ಬಿಟ್ಟಿದ್ದರು, ಊರೆಲ್ಲ ಕುದಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಎರಡೂ ಕಡೆಯ 28 ಮಕ್ಕಳನ್ನು ಒಟ್ಟಿಗೆ ಕೂಡಿಸಿದರು. ಮೊದಮೊದಲು ಸರ್ಕಾರದಿಂದ ಕಾಸಿನ ಸಹಾಯವೂ ಇಲ್ಲ. ನೀವೇ ಯೋಚಿಸಿ, ಸಂಜೆ ಮಗು ಮನೆ ಸೇರುವತನಕ ಆ ತಾಯಂದಿರ ಜೀವ ಹೇಗಿದ್ದಿರಬೇಡ!

1990ರ ದಶಕದಲ್ಲಿ ಎಲ್ಲ ಶಾಲೆಗಳಿಗೂ ಒಂದೇ ಚರಿತ್ರೆಯ ಪಠ್ಯಕ್ರಮ ಬಂತು. ಒಂದೇ ಘಟನೆಯನ್ನು ಆ ಕಡೆಯವರು ಹೇಗೆ ಕಂಡರು, ಈ ಕಡೆಯವರು ಹೇಗೆ ಕಂಡರು ಅನ್ನೋದನ್ನೂ ಮಕ್ಕಳು ಓದಬೇಕಾಯಿತು. 1998ರ ಶಾಂತಿ ಒಪ್ಪಂದದಲ್ಲೂ ಇಂಥ ಕೂಡು ಶಾಲೆಗಳನ್ನು ಬೆಳೆಸಬೇಕು ಅಂತ ಬರೆದರು.

ಬರೆದರು ನಿಜ, ಆದರೆ ಈವತ್ತಿಗೂ ಅಂಥ ಶಾಲೆಗಳಲ್ಲಿ ಓದುವವರು 10 ಮಕ್ಕಳಲ್ಲಿ ಒಬ್ಬರೂ ಇಲ್ಲ. ಮೇಷ್ಟರಾಗುವವರ ತರಬೇತಿ ಕಾಲೇಜುಗಳೇ ಎರಡು ಕಡೆಗೆ ಎರಡು. ಕೆಲಸ ಕೊಡುವಾಗ ಪಂಗಡ ನೋಡಬಾರದು ಅನ್ನೋ ಕಾನೂನಿನಿಂದ ಶಾಲಾ ಶಿಕ್ಷಕರನ್ನು ಹೊರಗಿಟ್ಟಿದ್ದರು, ಅದನ್ನು ಸರಿಪಡಿಸುವ ಕಾನೂನು ಬಂದದ್ದು 2022ರಲ್ಲಿ! ಬೇರೆ ಬೇರೆ ಶಾಲೆಯ ಮಕ್ಕಳು ಕೆಲವು ಪಾಠಗಳಿಗೆ ಮಾತ್ರ ಒಟ್ಟುಗೂಡುವ ಏರ್ಪಾಟಿಗೆ 2016ರಲ್ಲಿ ಕಾನೂನು ಮಾಡಿದರು. ಅವರವರ ಯೂನಿಫಾರ್ಮಿನಲ್ಲೇ ಬಂದು, ಪಾಠ ಮುಗಿಸಿ ಹೊರಡುತ್ತಾರಂತೆ. ನನಗಂತೂ ಇದು ಬೇರೆ ಬೇರೆ ಅಡಿಗೆ ಮಾಡಿಕೊಂಡು ಪಂಕ್ತಿ ಮಾತ್ರ ಒಟ್ಟಿಗೆ ಹಾಕಿದ ಹಾಗೆ ಕಾಣುತ್ತೆ. ಏನೂ ಇಲ್ಲದ್ದಕ್ಕಿಂತ ವಾಸಿ, ಅಷ್ಟೆ.

ಲಾಗನ್ ಕಾಲೇಜಿನಲ್ಲಿ ಈಗ ಸಾವಿರಕ್ಕೂ ಹೆಚ್ಚು ಮಕ್ಕಳಿದ್ದಾರೆ. ಸೀಟಿಗಿಂತ ಅರ್ಜಿಗಳೇ ಜಾಸ್ತಿ.