ನದಿ ದಂಡೆಯ ನೌಕರಿ

ಅಮೆರಿಕದ ಓಕ್ಲಹೋಮ ರಾಜ್ಯದಲ್ಲಿ ಅರ್ಕನ್ಸಾ ನದಿಯ ದಂಡೆಯ ಮೇಲೆ ಟಲ್ಸಾ ಎಂಬ ಊರಿದೆ. ಜನಸಂಖ್ಯೆ ನಾಲ್ಕು ಲಕ್ಷ ದಾಟಿದೆ, ಅಷ್ಟೇ. ಒಂದು ಕಾಲಕ್ಕೆ ಪೆಟ್ರೋಲಿಯಂ ವ್ಯಾಪಾರದಿಂದ ಮೆರೆದು ಆಮೇಲೆ ಮಂಕಾದ ಊರು. 2018ರ ನವೆಂಬರಿನಲ್ಲಿ ಅಲ್ಲಿಂದ ಒಂದು ವಿಚಿತ್ರ ಕರೆ ಹೊರಟಿತು: ನಿಮ್ಮ ಕಂಪನಿ ಬೇರೆ ರಾಜ್ಯದಲ್ಲೇ ಇರಲಿ, ಮನೆಯಿಂದ ಮಾಡುವ ಕೆಲಸವಾದರೆ ಇಲ್ಲಿಗೆ ಬಂದು ಒಂದು ವರ್ಷ ಇರಿ, ಹತ್ತು ಸಾವಿರ ಡಾಲರ್ ಕೊಡುತ್ತೇವೆ. ದುಡ್ಡು ಜಾರ್ಜ್ ಕೈಸರ್ ಕುಟುಂಬ ಪ್ರತಿಷ್ಠಾನದ್ದು. ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಹೋದರು.

ಆ ನದಿಯೇನೂ ಸುಂದರಿಯಲ್ಲ. ಮೇಲಿನ ಅಣೆಕಟ್ಟೆಯಿಂದ ನೀರು ಬಿಡದ ದಿನಗಳಲ್ಲಿ ಮರಳೇ ಹೆಚ್ಚು ಕಾಣುತ್ತದೆ. ಆದರೂ ಕರೆ ಕೊಡುವ ಎರಡು ತಿಂಗಳ ಮುಂಚೆ, ಅದೇ ಪ್ರತಿಷ್ಠಾನದ ಮುಂದಾಳತ್ವದಲ್ಲಿ ನದಿ ದಂಡೆಯಲ್ಲಿ ದೊಡ್ಡದೊಂದು ಉದ್ಯಾನ ತೆರೆದಿತ್ತು. ಮೊದಲು ದಂಡೆ, ಆಮೇಲೆ ಆಹ್ವಾನ.

ಬೆಂಗಳೂರಿನ ನಮ್ಮ ಬಾಪೂಜಿ ನಗರದ ಪಕ್ಕದಲ್ಲೂ ನದಿ ಇದೆ ಎಂದರೆ ಇಲ್ಲಿ ಹುಟ್ಟಿ ಬೆಳೆದವರೇ ನಕ್ಕಾರು. ಪಶ್ಚಿಮ ಬೆಂಗಳೂರಿನ ಚರಂಡಿ, ಪೀಣ್ಯದ ಕಾರ್ಖಾನೆಗಳ ಹೊಲಸು ಎಲ್ಲವನ್ನೂ ಹೊತ್ತು ಮೈಸೂರು ರಸ್ತೆಯ ಬದಿಗೆ ಕಪ್ಪಗೆ ಸಾಗುವ ವೃಷಭಾವತಿ ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಇಳಿದು, ಅರ್ಕಾವತಿ ಸೇರಿ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತಾಳೆ. ನಲ್ಲಿಯಲ್ಲಿ ಬಂದ ಕಾವೇರಿಯನ್ನು ಹೀಗೆ ಕಾವೇರಿಗೇ ಮರಳಿಸುತ್ತೇವೆ, ಯಾವ ಸ್ಥಿತಿಯಲ್ಲಿ ಎಂದು ಕೇಳಬಾರದು. ನದಿಯ ಕಡೆಗಿನ ಕಿಟಕಿಯನ್ನು ಬಾಡಿಗೆದಾರರು ತೆರೆಯುವುದಿಲ್ಲ.

ಮುಚ್ಚಿದ ಆ ಕಿಟಕಿಗಳ ಹಿಂದೆ, ಗ್ಯಾರೇಜಿನ ಮೇಲಿನ ಮಹಡಿಯಲ್ಲಿ, ಅಮೆರಿಕದ ಹೊತ್ತಿಗೆ ಕೆಲಸ ಮಾಡುವ ಹುಡುಗ ಹುಡುಗಿಯರಿದ್ದಾರೆ. ಟಲ್ಸಾದಲ್ಲಿ ಬೆಳಗಿನ ಒಂಬತ್ತು ಎಂದರೆ ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಏಳೂವರೆ. ನವೆಂಬರಿನಲ್ಲಿ ಅಲ್ಲಿಯವರು ಗಡಿಯಾರ ಹಿಂದಕ್ಕೆ ತಿರುಗಿಸಿದರೆ ಎಂಟೂವರೆ. ಅವರ ಚಳಿಗಾಲಕ್ಕೆ ಇಲ್ಲಿ ಅಮ್ಮನ ಮುದ್ದೆ ಆರುತ್ತದೆ.

ಇವರಲ್ಲಿ ಅನೇಕರ ಊರು ಶಿವಮೊಗ್ಗ, ಸಾಗರ, ಹಾಸನ, ದಾವಣಗೆರೆ. 2020ರ ಏಪ್ರಿಲ್‌ನಲ್ಲಿ ಬಾಪೂಜಿ ನಗರ, ಪಾದರಾಯನಪುರ ವಾರ್ಡುಗಳನ್ನು ಕೊರೊನಾ ಕಾರಣಕ್ಕೆ ಸೀಲ್‌ಡೌನ್ ಮಾಡಿದಾಗ ಬೀದಿಗಳಿಗೆಲ್ಲ ಬ್ಯಾರಿಕೇಡ್ ಬಿತ್ತು. ಅದಕ್ಕೆ ಮುಂಚೆಯೇ ಬಸ್ಸು ಹತ್ತಿದವರು ಮತ್ತು ಆಮೇಲೆ ಮನೆ ಖಾಲಿ ಮಾಡಿ ಹೊರಟವರು ತಮ್ಮ ಊರಿನ ಜಗಲಿಯಲ್ಲೇ ಲ್ಯಾಪ್‌ಟಾಪ್ ತೆರೆದರು. ಮಲೆನಾಡಿನಲ್ಲಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತಿ ಟಾರ್ಪಾಲು ಕಟ್ಟಿಕೊಂಡವರೂ ಇದ್ದರು. ಸಂಬಳ ಬೆಂಗಳೂರಿನದು, ಖರ್ಚು ಊರಿನ ಅಂಗಡಿಯಲ್ಲಿ. ಟಲ್ಸಾ ದುಡ್ಡು ಕೊಟ್ಟು ಕರೆದ ಜನ ನಮ್ಮ ಊರುಗಳಿಗೆ ಬಿಟ್ಟಿಯಾಗಿ ಬಂದಿದ್ದರು. ಅವರನ್ನು ಉಳಿಸಿಕೊಳ್ಳಬೇಕೆಂದು ಊರುಗಳಿಗೆ ಹೊಳೆಯಲೇ ಇಲ್ಲ.

‘ಬಿಯಾಂಡ್ ಬೆಂಗಳೂರು’ ಎಂಬ ಯೋಜನೆ ನಡೆದಿದೆ. ಮೈಸೂರು, ಮಂಗಳೂರು, ಹುಬ್ಬಳ್ಳಿಗೆ ಕಂಪನಿಗಳನ್ನು ಒಯ್ಯುವ ಪ್ರಯತ್ನ. ಬೇಡವೆನ್ನುವುದಿಲ್ಲ. ಆದರೆ ಕಂಪನಿ ಬರಬೇಕಾದರೆ ಜಾಗ ಕೊಡಬೇಕು, ತೆರಿಗೆ ಬಿಡಬೇಕು, ಆಮೇಲೂ ಅದು ಹೊರಟುಹೋಗಬಹುದು. ಒಬ್ಬ ಮನುಷ್ಯ ಬಂದರೆ ಸಂಬಳವನ್ನು ಚೀಲದಲ್ಲೇ ಹಾಕಿಕೊಂಡು ಬರುತ್ತಾನೆ. ಶಿವಮೊಗ್ಗದ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಆಯಿತು, ಸಂತೋಷ. ವಿಮಾನ ಬಂದು ಹೋಗುವುದಕ್ಕೆ. ಇರುವುದಕ್ಕೆ ಬೇಕಾದದ್ದು ಬೇರೆ: ಮಳೆಗಾಲದಲ್ಲಿ ಕೈಕೊಡದ ಕರೆಂಟು, ನಡುರಾತ್ರಿ ಸಿಗುವ ಡಾಕ್ಟರು, ನಾಲ್ಕು ಜನರ ಜೊತೆ ಕೂತು ಕೆಲಸ ಮಾಡಲು ಒಂದು ಜಾಗ, ಸಂಜೆ ನಡೆಯಲು ನದಿ ದಂಡೆ.

ಅಮೆರಿಕದ ಹೊತ್ತಿಗೆ ಬದುಕುವವನು ಊರಿಗೆ ಎಂಥ ನೆರೆಯವನಾದಾನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಊರು ಎದ್ದಾಗ ಅವನು ಮಲಗಿರುತ್ತಾನೆ. ಬಾಡಿಗೆಗಳೂ ಏರಿಯಾವು. ಆದರೆ ಬಾಪೂಜಿ ನಗರದಲ್ಲಿ ಅವನನ್ನು ಯಾರು ಬಲ್ಲರು? ಮನೆ ಮಾಲೀಕರಿಗೆ ಅವನು ಬರೀ ಅಡ್ವಾನ್ಸು, ಬಾಡಿಗೆ. ಊರಿನಲ್ಲಿ ಕಡೇಪಕ್ಷ ಅತ್ತೆ, ದೊಡ್ಡಪ್ಪಂದಿರಾದರೂ ಇದ್ದಾರೆ; ಭಾನುವಾರದ ಮದುವೆಗೆ ಕೈಹಿಡಿದು ಎಳೆದೊಯ್ಯುತ್ತಾರೆ.

ಕಂಪನಿಗಳು ವಾಪಸು ಕರೆದವು, ಬಹಳ ಮಂದಿ ಬಂದರು. ಆದರೂ ಮನೆಯಿಂದಲೇ ಮಾಡಬಹುದಾದ ಕೆಲಸವನ್ನು ಇಲ್ಲಿನ ಬಾಡಿಗೆ ಕೋಣೆಯಲ್ಲಿ ಕೂತು ಮಾಡುವವರು ಇನ್ನೂ ಇದ್ದಾರೆ. ಶಿವಮೊಗ್ಗದ ಮಹಾನಗರ ಪಾಲಿಕೆ, ಹರಿಹರದ ನಗರಸಭೆಗಳಿಗೆ ನನ್ನದೊಂದು ಕೋರಿಕೆ. ಡಾಲರ್ ಕೊಡುವುದು ಬೇಡ. ಊರಿನ ಗ್ರಂಥಾಲಯದಲ್ಲಿ ಒಂದು ಕೋಣೆಯನ್ನು ಜನರೇಟರ್, ಇಂಟರ್ನೆಟ್ ಸಮೇತ ರಾತ್ರಿ ಹನ್ನೊಂದರವರೆಗೆ ತೆರೆದಿಡುವ ಏರ್ಪಾಡು ಮಾಡಿ. ತುಂಗೆಗೆ, ತುಂಗಭದ್ರೆಗೆ ಬೀಳುವ ಚರಂಡಿಗಳನ್ನು ಈಗಲೇ ತಡೆಯಿರಿ. ತಡ ಮಾಡಿದರೆ ಏನಾಗುತ್ತದೆ ಎಂದು ನೋಡಬೇಕಿದ್ದರೆ ಮೈಸೂರು ರಸ್ತೆಗೆ ಬನ್ನಿ, ತೋರಿಸುತ್ತೇವೆ.